ಬೆಳಗಾದರೆ ಬಿಡಬೇಕಾದ ಸೂರು: ವಸತಿರಹಿತರಿಗೆ ಸರ್ಕಾರ ಇಟ್ಟ ಹಣದ ಹಿನ್ನೆಲೆ

2011ರ ಫೆಬ್ರುವರಿ 28ರ ರಾತ್ರಿ ಗಣತಿದಾರರು ಬೀದಿಗಿಳಿದರು. ಫುಟ್‌ಪಾತ್, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರಂ, ಗುಡಿಯ ಮಂಟಪ, ಸಿಮೆಂಟ್ ಕೊಳವೆಯೊಳಗೆ ಮಲಗಿದ್ದವರನ್ನೆಲ್ಲ ಎಣಿಸಿದಾಗ ದೇಶದಲ್ಲಿ ಸಿಕ್ಕವರು ಸುಮಾರು 17.7 ಲಕ್ಷ ಮಂದಿ. 2001ಕ್ಕೆ ಹೋಲಿಸಿದರೆ ಒಟ್ಟು ಸಂಖ್ಯೆ ಇಳಿದಿತ್ತು, ನಗರಗಳಲ್ಲಿ ಮಾತ್ರ 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿತ್ತು. ಒಂದೇ ರಾತ್ರಿಯ ಎಣಿಕೆ ಇದು. ಭಯಕ್ಕೆ ಮರೆಯಲ್ಲಿ ಮಲಗುವ ಹೆಂಗಸು ಇಂಥ ಲೆಕ್ಕಕ್ಕೆ ಸಿಗುವುದು ಕಷ್ಟ. ಲೆಕ್ಕಕ್ಕೆ ಸಿಗದವರಿಗೆ ಅನುದಾನವೂ ಸಿಗುವುದಿಲ್ಲ.

ಸೂರಿಲ್ಲದವರು ನಮ್ಮ ಕಾನೂನಿನ ಕಣ್ಣಿಗೆ ಮೊದಲು ಬಿದ್ದದ್ದು ತಪ್ಪಿತಸ್ಥರಾಗಿ. ಭಿಕ್ಷೆ ಬೇಡುವುದನ್ನೇ ಅಪರಾಧವಾಗಿಸಿದ 1959ರ ಮುಂಬೈ ಭಿಕ್ಷಾಟನೆ ತಡೆ ಕಾಯ್ದೆ ಅನೇಕ ರಾಜ್ಯಗಳಿಗೆ ಮಾದರಿಯಾಯಿತು. ಕರ್ನಾಟಕ 1975ರಲ್ಲಿ ತನ್ನದೇ ಕಾಯ್ದೆ ತಂದಿತು. ಅದಕ್ಕೆ ಹಣದ ಮೂಲವನ್ನೂ ಕಾಯ್ದೆಯೊಳಗೇ ಇಟ್ಟಿತು: ಆಸ್ತಿ ತೆರಿಗೆಯ ಮೇಲೆ ಶೇ 3ರ ಉಪಕರ. ಮನೆ ಇರುವವರು ಕಟ್ಟುವ ಈ ಭಿಕ್ಷುಕರ ಸೆಸ್ ಮನೆ ಇಲ್ಲದವರನ್ನು ಹಿಡಿದು ತಂದಿಡುವ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗುತ್ತದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಒಬ್ಬರ ಹಿಂದೊಬ್ಬರು ಸತ್ತಾಗ ಇಡೀ ರಾಜ್ಯವೇ ತಲ್ಲಣಿಸಿತು. ಹಣಕ್ಕೆ ಕಾಯಂ ದಾರಿ ಇದ್ದೂ ಜೀವ ಉಳಿಯಲಿಲ್ಲವೆಂದರೆ ಕೊರತೆ ಬೊಕ್ಕಸದ್ದಷ್ಟೇ ಅಲ್ಲ ಎಂದು ನನಗನಿಸುತ್ತದೆ.

ಇತ್ತ 1985ರಲ್ಲಿ ಮುಂಬೈ ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬದುಕುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಆದರೂ ತೆರವನ್ನು ತಡೆಯಲಿಲ್ಲ. ಆ ದಶಕದ ಕೊನೆಗೆ ಕೇಂದ್ರ ಸರ್ಕಾರ ರಾತ್ರಿ ತಂಗುದಾಣಗಳ ಯೋಜನೆ ಆರಂಭಿಸಿತಾದರೂ 2005ರ ಹೊತ್ತಿಗೆ ಕೈಬಿಟ್ಟಿತು.

ದಿಕ್ಕು ಬದಲಿಸಿದ್ದು ಒಂದು ಚಳಿಗಾಲ. 2009ರ ಡಿಸೆಂಬರ್‌ನಲ್ಲಿ ದೆಹಲಿಯ ಪೂಸಾ ರಸ್ತೆಯ ವೃತ್ತದಲ್ಲಿದ್ದ ತಾತ್ಕಾಲಿಕ ತಂಗುದಾಣವನ್ನು ನಗರಾಡಳಿತ ಕೆಡವಿತು, ಅದೂ ಕೊರೆಯುವ ಚಳಿಯಲ್ಲಿ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಆಯುಕ್ತರಾದ ಎನ್.ಸಿ. ಸಕ್ಸೇನಾ ಮತ್ತು ಅವರ ಜತೆಗಿದ್ದ ಹರ್ಷ ಮಂದರ್ ವಿಷಯವನ್ನು ನ್ಯಾಯಾಲಯದ ಮುಂದಿಟ್ಟರು. ಹಸಿದವನಿಗೆ ಅನ್ನ ಎಷ್ಟು ಮುಖ್ಯವೋ ಚಳಿಯಲ್ಲಿ ಮಲಗಿದವನಿಗೆ ಸೂರೂ ಅಷ್ಟೇ ಮುಖ್ಯ ಎಂಬುದು ಆ ವಾದದ ತಿರುಳು. 2010ರಲ್ಲಿ ಆದೇಶ ಬಂತು: ದೊಡ್ಡ ನಗರಗಳಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ, ದಿನದ 24 ಗಂಟೆ, ವರ್ಷವಿಡೀ ತೆರೆದಿರಬೇಕು. ರಾತ್ರಿಪಾಳಿ ಮುಗಿಸಿ ಬರುವ ಕೂಲಿಯವನಿಗೆ, ಬಾಣಂತಿಗೆ, ಕಾಯಿಲೆಯವರಿಗೆ ಹಗಲೂ ಮಲಗಲು ಜಾಗ ಬೇಕೆಂಬುದನ್ನು ಕೊನೆಗೂ ಯಾರೋ ಬರೆದಿಟ್ಟರು.

2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಈ ಸೂತ್ರವನ್ನೇ ಯೋಜನೆಯಾಗಿಸಿತು. ಖರ್ಚಿನ ಬಹುಪಾಲು ಕೇಂದ್ರದ್ದು, ಉಳಿದದ್ದು ರಾಜ್ಯದ್ದು, ಜಾಗ ಹುಡುಕಿ ನಡೆಸುವ ಹೊಣೆ ನಗರಸಭೆ, ಪಾಲಿಕೆಗಳದ್ದು. ಬಿಕ್ಕಟ್ಟು ಇರುವುದೇ ಇಲ್ಲಿ. ಕೂಲಿ ಸಿಗುವ ಮಾರುಕಟ್ಟೆ, ಬಸ್ ನಿಲ್ದಾಣದ ಸುತ್ತ ಜಾಗಕ್ಕೆ ಚಿನ್ನದ ಬೆಲೆ. ಊರಾಚೆ ಕಟ್ಟಿದರೆ ಅಲ್ಲಿಗೆ ಹೋದವನಿಗೆ ಬೆಳಗಿನ ಕೆಲಸ ತಪ್ಪುತ್ತದೆ. ಹೀಗೆ ಅತ್ತ ಅನುದಾನ ಖರ್ಚಾಗದೆ ಉಳಿಯಿತು, ಇತ್ತ ಜನ ಬೀದಿಯಲ್ಲೇ ಉಳಿದರು. 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಪರಿಶೀಲಿಸಲು ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಸಮಿತಿಯನ್ನು ನೇಮಿಸಬೇಕಾಯಿತು.

2015ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ದೊಡ್ಡ ಪಾಲು ಮನೆಗಳು ಸ್ವಂತ ನಿವೇಶನವಿದ್ದವರು ಕಟ್ಟಿಕೊಳ್ಳುವಂಥವು. ಫುಟ್‌ಪಾತಿನಿಂದ ಆಶ್ರಯ ಕೇಂದ್ರಕ್ಕೆ ಬಂದವರು ಅಲ್ಲಿಂದ ಬಾಡಿಗೆಯ ಒಂದು ಕೋಣೆಗಾದರೂ ಹೋಗಲು ಬೇಕಾದ ನಡುವಿನ ಮೆಟ್ಟಿಲಿಗೆ ಹಣ ಇಟ್ಟದ್ದು ತೀರಾ ಕಡಿಮೆ.

ನಗರ ಜೀವನೋಪಾಯ ಅಭಿಯಾನದ ಅವಧಿ 2024ರ ಸೆಪ್ಟೆಂಬರ್‌ಗೆ ಮುಗಿಯಿತು. 2025ರ ಫೆಬ್ರುವರಿಯಲ್ಲಿ ವಸತಿರಹಿತರ ಪ್ರಕರಣ ಮತ್ತೆ ಸುಪ್ರೀಂ ಕೋರ್ಟಿಗೆ ಬಂದಾಗ, ನಗರ ಬಡತನ ನಿವಾರಣೆಯ ಹೊಸ ಅಭಿಯಾನ ಅಂತಿಮ ಹಂತದಲ್ಲಿದೆ, ವಸತಿರಹಿತರ ಆಶ್ರಯವೂ ಅದರಲ್ಲಿ ಸೇರಿದೆ ಎಂದು ಕೇಂದ್ರ ಹೇಳಿತು. ಅದು ಜಾರಿಗೆ ಬರಲು ಎಷ್ಟು ಕಾಲ ಬೇಕು ಎಂದು ನ್ಯಾಯಪೀಠ ಕೇಳಿತು.