ಏಳು ಸೀಟಿನ ಗಾಡಿ: ಕೊಳ್ಳುವ ಮೊದಲು ತುಂಬಿದ ದಿನ ಎಣಿಸಿ

ಮದುವೆ, ಉಪನಯನ, ಇಡಗುಂಜಿ, ಗೋಕರ್ಣ. ಮನೆಯವರೆಲ್ಲ ಒಟ್ಟಿಗೆ ಹೋಗಬೇಕೆಂದೇ ಶಿರಸಿ ಸೀಮೆಯಲ್ಲಿ ದೊಡ್ಡ ಡೀಸೆಲ್ ಗಾಡಿಗೆ ಮನಸ್ಸು ಮಾಡುವವರಿದ್ದಾರೆ. ಆಸೆ ಸಹಜವೇ. ಆದರೆ ಹೋದ ವರ್ಷ ಐದಕ್ಕಿಂತ ಹೆಚ್ಚು ಜನ ಕೂತು ಹೋದ ದಿನಗಳೆಷ್ಟು? ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿ.

ಸಣ್ಣ ಕಾರಿಗಿಂತ 10 ಲಕ್ಷ ಹೆಚ್ಚು ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಐದು ವರ್ಷದಲ್ಲಿ ಅದರಲ್ಲಿ ಅರ್ಧ ಕರಗಿದರೆ ವರ್ಷಕ್ಕೆ 1 ಲಕ್ಷ. ಆ 10 ಲಕ್ಷಕ್ಕೆ ಐದು ವರ್ಷದ ತಿಂಗಳ ಕಂತಿನಲ್ಲಿ ತೀರಿಸುವ ಶೇ 9ರ ಸಾಲ ಮಾಡಿದರೆ ಬಡ್ಡಿ ವರ್ಷಕ್ಕೆ ಸರಾಸರಿ 49,000. ವಿಮೆ, ಟೈರು, ಸರ್ವಿಸಿಗೆ ಹೆಚ್ಚುವರಿ 20,000. ಒಟ್ಟು 1.69 ಲಕ್ಷ. ಬಾಡಿಗೆಯಾದರೆ ಕಿ.ಮೀ.ಗೆ 18 ರೂಪಾಯಿಯಂತೆ 250 ಕಿ.ಮೀ., ಡ್ರೈವರ್ ಭತ್ಯೆ 500 ಸೇರಿ ದಿನಕ್ಕೆ 5,000. ಸ್ವಂತ ಗಾಡಿಗೂ ಆ ದಿನ 1,700ರ ಡೀಸೆಲ್ ಬೇಕು, ಉಳಿತಾಯ 3,300. ಅಂದರೆ ವರ್ಷಕ್ಕೆ 51 ದಿನ, ಹೆಚ್ಚುಕಡಿಮೆ ವಾರಕ್ಕೊಮ್ಮೆ, ಗಾಡಿ ತುಂಬಬೇಕು. ನಿಮ್ಮೂರಿನ ದರ ಹಾಕಿ ಇದೇ ಲೆಕ್ಕ ಮಾಡಿ.

ಉಳಿದ ದಿನಗಳದ್ದೇ ದೊಡ್ಡ ತೊಂದರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ಸರ್ಕಾರಿ ಮಾನದಂಡ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದು ಚೆನ್ನಾಗಿ ಕಾದಾಗ ಮಾತ್ರ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಸೊಸೈಟಿಗೆ, ಶಾಲೆಗೆ ನಾಲ್ಕು ಕಿ.ಮೀ. ಓಡಿಸಿ ನಿಲ್ಲಿಸುತ್ತಿದ್ದರೆ ಫಿಲ್ಟರ್ ಕಾಯುವುದೇ ಇಲ್ಲ. ಮಸಿ ಸುಡಲೆಂದು ಇಂಜಿನ್ ತಾನಾಗಿ ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಇಂಜಿನ್ ಆಯಿಲಿಗೆ ಸೇರುತ್ತದೆ. ಗೇಜ್ ಕಡ್ಡಿ ಎಳೆದು ನೋಡಿ: ಆಯಿಲ್ ಮೇಲಿನ ಗೆರೆ ದಾಟಿದ್ದು, ಡೀಸೆಲ್ ವಾಸನೆ ಬಂದರೆ ಕೂಡಲೇ ಬದಲಿಸಬೇಕು, ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಡಿಪಿಎಫ್ ದೀಪ ಮೊದಲ ಸಲ ಹೊತ್ತಿದಾಗಲೇ ಹೆದ್ದಾರಿ 66ರಂಥ ರಸ್ತೆಯಲ್ಲಿ 20–30 ನಿಮಿಷ ಒಂದೇ ವೇಗದಲ್ಲಿ ಓಡಿಸಿ. ದೇವಿಮನೆ ಘಟ್ಟ ಇಳಿದರೆ ಪ್ರಯೋಜನವಿಲ್ಲ, ಇಳಿಜಾರಿನಲ್ಲಿ ಸೈಲೆನ್ಸರ್ ತಣ್ಣಗಾಗುತ್ತದೆ.

ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಹಿಂದಿನ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸಮನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬಾನೆಟ್ಟಿನೊಳಗೆ ಇಲಿ ಸೇರಿದೆಯೇ ನೋಡುತ್ತಿರಿ.

ಬಾಡಿಗೆಗೆ ಹಳದಿ ಬೋರ್ಡಿನ ಗಾಡಿಯನ್ನೇ ಹಿಡಿಯಿರಿ. ಪರಿಚಯದವರ ಬಿಳಿ ಬೋರ್ಡಿಗೆ ದುಡ್ಡು ಕೊಟ್ಟು ಹೋದರೆ, ಅಪಘಾತವಾದಾಗ ವಿಮೆ ಕೈಕೊಡಬಹುದು. ನೀವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಕಿ.ಮೀ. ಎಲ್ಲಿಂದ ಎಣಿಸುತ್ತಾರೆ, ದಿನಕ್ಕೆ ಕನಿಷ್ಠ ಎಷ್ಟು ಎಂಬುದನ್ನು ಮೊದಲೇ ಮಾತಾಡಿ. ಮೇ ತಿಂಗಳ ಮದುವೆಗೆ, ಎರಡು ವರ್ಷಕ್ಕೊಮ್ಮೆಯ ಮಾರಿಕಾಂಬಾ ಜಾತ್ರೆಗೆ ತಿಂಗಳ ಮೊದಲೇ ಗಾಡಿ ಹೇಳಿಡಿ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದು, ಮತ್ತೆ ಮತ್ತೆ ಆಸ್ಪತ್ರೆಗೆ ಓಡಬೇಕಾದರೆ ಈ 51ರ ಲೆಕ್ಕ ಬೇಡ, ಕೊಂಡುಬಿಡಿ. ದಿನದ ಓಡಾಟ ಹತ್ತು ಕಿ.ಮೀ. ಒಳಗಿದ್ದರೆ ಪೆಟ್ರೋಲ್ ಗಾಡಿಯನ್ನೇ ನೋಡಿ.