ರೌಟರಿಗೆ ಎರಡು ಬೀಗ

ಮುಂಬಯಿಯ ಮುಲುಂಡಿನ ಮಾವನ ಮನೆಗೆ ಹೋದಾಗ, ಮನೆಯೆಲ್ಲ ವೈಫೈ ಹಂಚುವ ರೌಟರಿನ ಪಾಸ್‌ವರ್ಡ್ ಬದಲಾಯಿಸಿದ್ದೀರಾ ಎಂದು ಕೇಳಿದೆ. “ಹಾಕಿದೆಯಲ್ಲ ಮಾರಾಯ, ನನ್ನ ಮೊಬೈಲ್ ನಂಬರೇ ಪಾಸ್‌ವರ್ಡ್” ಎಂದರು. ಸಂಪರ್ಕ ಕೊಡಲು ಬಂದ ಹುಡುಗನೇ ಹಾಕಿಕೊಟ್ಟದ್ದಂತೆ. ಡೊಂಬಿವಲಿಯ ನಮ್ಮ ಭಾನುವಾರದ ಗುಂಪಿನಲ್ಲಿ ಹೋದ ವಾರ ಅರ್ಧಕ್ಕೆ ನಿಂತ, ರೌಟರನ್ನು ಭದ್ರಪಡಿಸುವ ಪಾಠವನ್ನು ಮಾವನ ಆ ಒಂದು ಮಾತಿನಿಂದಲೇ ಮುಂದುವರಿಸಬಹುದು.

ರೌಟರಿಗೆ ಇರುವುದು ಎರಡು ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ಸೊಸೈಟಿಯ (ವಸತಿ ಸಮುಚ್ಚಯದ) ಗೇಟಿನ ಬೀಗ: ಅದು ಗೊತ್ತಿದ್ದವರು ಒಳಗೆ ಬರಬಹುದು, ಅಷ್ಟೆ. ರೌಟರಿನ ಸೆಟ್ಟಿಂಗ್ಸ್ ಬದಲಾಯಿಸಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ಎಂಬುದು ಸೊಸೈಟಿ ಕಚೇರಿಯಲ್ಲಿ ಎಲ್ಲ ಮನೆಗಳ ಕೀಲಿ ತೂಗುಹಾಕಿದ ಕಪಾಟಿನ ಬೀಗ. ಮಾವ ಹೇಳಿದ್ದು ಮೊದಲನೆಯದು. ಎರಡನೆಯದು ಇದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಕಪಾಟಿನ, ಅಂದರೆ ರೌಟರಿನ ಅಡ್ಮಿನ್ ಪುಟದ, ತನಕ ಹೋಗುವ ದಾರಿ ಹೀಗೆ. ಅದೇ ವೈಫೈಗೆ ಸೇರಿರುವ ಫೋನಿನಲ್ಲಿ ವೈಫೈ ವಿವರ ತೆರೆದರೆ ಗೇಟ್‌ವೇ ಅಥವಾ ರೌಟರ್ ಎಂಬ ಹೆಸರಿನ ಮುಂದೆ ರೌಟರಿನ ವಿಳಾಸವಾದ ಒಂದು ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಎಲ್ಲರ ಮನೆಗೂ ಒಂದೇ ವಿಳಾಸವಾದರೆ ಗೊಂದಲವಾಗುವುದಿಲ್ಲವೇ ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಆಗುವುದಿಲ್ಲ. ಮುಂಬಯಿಯ ಯಾವ ಕಟ್ಟಡಕ್ಕೆ ಹೋದರೂ 101ನೇ ಫ್ಲ್ಯಾಟ್ ಇರುತ್ತದಲ್ಲ, ಹಾಗೆ. ಗೇಟಿನ ಒಳಗೆ ಮಾತ್ರ ಆ ಸಂಖ್ಯೆಗೆ ಅರ್ಥ. 192.168ರಿಂದ ಆರಂಭವಾಗುವ ವಿಳಾಸಗಳು ಖಾಸಗಿ ಜಾಲಗಳಿಗೆ ಮೀಸಲು ಎಂದು ಆರ್‌ಎಫ್‌ಸಿ 1918 ಎಂಬ 1996ರ ಇಂಟರ್ನೆಟ್ ನಿಯಮಗಳ ದಾಖಲೆ ಹೇಳುತ್ತದೆ.

ಸಂಖ್ಯೆಯನ್ನು ಬ್ರೌಸರಿನ ವಿಳಾಸ ಪಟ್ಟಿಯಲ್ಲಿಯೇ ಬರೆಯಿರಿ, ಹುಡುಕಾಟದ ಪೆಟ್ಟಿಗೆಯಲ್ಲಿ ಅಲ್ಲ. ಮಾವ ಒಂದು ಎಂಬ ಅಂಕಿಯ ಬದಲು ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಒತ್ತಿದರು. ನೋಡಲು ಎರಡೂ ಒಂದೇ ಕಡ್ಡಿ. ಬ್ರೌಸರ್ ಅದನ್ನು ಹುಡುಕಾಟ ಎಂದುಕೊಂಡು ಯಾವುಯಾವುದೋ ‘ಲಾಗಿನ್ ಸಹಾಯ’ ಪುಟಗಳನ್ನು ಮುಂದಿಟ್ಟಿತು. ಅಂಥ ಪುಟಗಳಲ್ಲಿ ಪಾಸ್‌ವರ್ಡ್ ಬರೆಯುವುದು ಕೀಲಿಯನ್ನು ರೈಲಿನಲ್ಲಿ ಬಿಟ್ಟು ಬಂದಂತೆ. ಸರಿಯಾದ ಪುಟ ತೆರೆದಾಗ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಂಡರೆ ಗಾಬರಿ ಬೇಡ. ಜಾಲತಾಣ ಅಸಲಿ ಎಂದು ಸಾರುವ ಸಾರ್ವಜನಿಕ ಪ್ರಮಾಣಪತ್ರ ಖಾಸಗಿ ವಿಳಾಸಕ್ಕೆ ಸಿಗುವುದಿಲ್ಲ. ಪುಟ ತೆರೆಯದೇ ಹೋದರೆ ಮೊಬೈಲ್ ಡೇಟಾ ಆಫ್ ಮಾಡಿ ನೋಡಿ.

ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಸಾಮಾನ್ಯವಾಗಿ ರೌಟರ್ ಡಬ್ಬಿಯ ತಳದ ಚೀಟಿಯ ಮೇಲೆ ಇರುತ್ತವೆ. ಮಾವನ ಚೀಟಿಯಲ್ಲಿ ಎರಡೂ ‘ಅಡ್ಮಿನ್’ ಎಂದೇ ಇದ್ದವು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡದ್ದು ಇಂಥ ಕಾರ್ಖಾನೆ ಪಾಸ್‌ವರ್ಡ್‌ಗಳ, ಅರವತ್ತರ ಆಸುಪಾಸಿನ ಒಂದು ಚಿಕ್ಕ ಪಟ್ಟಿಯಿಂದ. ಒಮ್ಮೆ ಅಡ್ಮಿನ್ ಪುಟ ಕೈಗೆ ಸಿಕ್ಕವನು ಡಿಎನ್‌ಎಸ್ ಅನ್ನು, ಅಂದರೆ ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯನ್ನು, ಬದಲಾಯಿಸಬಲ್ಲ. ಆಮೇಲೆ ನೀವು ಬ್ಯಾಂಕಿನ ಹೆಸರು ಸರಿಯಾಗಿ ಬರೆದರೂ ಅವನು ತೋರಿಸಿದ ಮನೆಗೇ ಹೋಗುತ್ತೀರಿ. ಬ್ಯಾಂಕಿನಂಥ ಪುಟದಲ್ಲಿ ಬ್ರೌಸರ್ ಕೊಡುವ ಪ್ರಮಾಣಪತ್ರದ ಎಚ್ಚರಿಕೆಯೊಂದೇ ಉಳಿದ ಕಾವಲು. ಅದನ್ನು ಎಂದೂ ದಾಟಿ ಹೋಗಬೇಡಿ. ಆದ್ದರಿಂದ ಒಳಗೆ ಹೋದ ಕೂಡಲೇ ಮೊದಲ ಕೆಲಸ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸುವುದು. ಹೊಸದನ್ನು ಕಾಗದದ ಮೇಲೆ ಬರೆದು ಮನೆಯೊಳಗೆ ಇಟ್ಟರೆ ತಪ್ಪೇನಿಲ್ಲ. ಅಡುಗೆಮನೆಯ ಕಪಾಟಿನ ತನಕ ಮಿರಾಯ್ ಬರಲಾರದು.

ಇನ್ನು ಮಾವನ ಮೊಬೈಲ್ ನಂಬರು. ಹತ್ತು ಅಂಕಿ ಎಂದರೆ ದೊಡ್ಡದೆಂದು ತೋರುತ್ತದೆ. ಆದರೆ ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8, 9ರಿಂದ ಮಾತ್ರ ಶುರುವಾಗುತ್ತವೆ. ಒಟ್ಟು 400 ಕೋಟಿ ಸಾಧ್ಯತೆ. ಡಬ್ಲ್ಯುಪಿಎ2 ಎಂಬ ಭದ್ರತಾ ವಿಧಾನ ಬಳಸುವ ವೈಫೈ ಜಾಲಕ್ಕೆ ಯಾವುದಾದರೂ ಫೋನು ಸೇರುವ ಕ್ಷಣದ ಮಾತುಕತೆಯನ್ನು ಪಕ್ಕದ ಮನೆಯವನು ಹಿಡಿದಿಟ್ಟುಕೊಂಡರೆ ಸಾಕು, ಉಳಿದ ಊಹೆಗಳನ್ನು ತನ್ನ ಕಂಪ್ಯೂಟರಿನಲ್ಲೇ ನಡೆಸಬಹುದು. ನಿಮ್ಮ ರೌಟರಿಗೆ ಅದರ ಸುಳಿವೂ ಸಿಗದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸುಮಾರು 10 ಲಕ್ಷ ಊಹೆ ಮಾಡುತ್ತದೆ. ಭಾಗಿಸಿ ನೋಡಿ: 4,000 ಸೆಕೆಂಡು. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ನಿಧಾನದ ಲೋಕಲ್ ರೈಲು ಹಿಡಿಯುತ್ತದಲ್ಲ, ಹೆಚ್ಚುಕಡಿಮೆ ಅಷ್ಟು ಹೊತ್ತು. ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರಗಳ ತನಕ ಇರಬಹುದು. ಕನ್ನಡ ಲಿಪಿಯನ್ನು ಅದು ಒಪ್ಪುವುದಿಲ್ಲ, ಆದರೆ ಹುಣಸೆ, ಛತ್ರಿ, ಕಡುಬು, ಸೇತುವೆ ಎಂಬಂತೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬಹುದು. ಈ ನಾಲ್ಕನ್ನೇ ಹಾಕಿಕೊಳ್ಳಬೇಡಿ, ಗುಂಪಿನವರೆಲ್ಲ ಓದುತ್ತಿದ್ದಾರೆ! ರೌಟರಿನಲ್ಲಿ ಅದರ ಮುಂದಿನ ವಿಧಾನವಾದ ಡಬ್ಲ್ಯುಪಿಎ3 ಇದ್ದರೆ ಅದನ್ನೇ ಆರಿಸಿ. ಮನೆಗೆ ಕೊಂಡೊಯ್ದು ಊಹಿಸುವ ಈ ದಾರಿಯನ್ನು ತಡೆಯುವಂತೆಯೇ ಅದನ್ನು ರೂಪಿಸಿದ್ದಾರೆ.

ವೈಫೈ ಪಾಸ್‌ವರ್ಡ್ ಬರೆಯದೆಯೇ ಸಾಧನಗಳನ್ನು ಜಾಲಕ್ಕೆ ಸೇರಿಸುವ ಡಬ್ಲ್ಯುಪಿಎಸ್ ಎಂಬ ಸೌಲಭ್ಯ ನನಗೆ ಬಹಳ ಇಷ್ಟದ ಉದಾಹರಣೆ. ಎಂಟು ಅಂಕಿಯ ಪಿನ್, ಹತ್ತು ಕೋಟಿ ಸಾಧ್ಯತೆ. ಆದರೆ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕಹಾಕಿದ್ದು. ಉಳಿದದ್ದು ಒಂದು ಕೋಟಿ. ಅದರ ಮೇಲೆ ರೌಟರು ಮೊದಲ ನಾಲ್ಕು ಅಂಕಿ ಸರಿಯೇ ಎಂದು ಬೇರೆಯಾಗಿಯೇ ಹೇಳಿಬಿಡುತ್ತದೆ. ಹಾಗಾಗಿ ಮೊದಲ ನಾಲ್ಕಕ್ಕೆ ಹತ್ತು ಸಾವಿರ, ಮುಂದಿನ ಮೂರಕ್ಕೆ ಒಂದು ಸಾವಿರ, ಒಟ್ಟು 11,000 ಪ್ರಯತ್ನ. ಈ ದೋಷ 2011ರಲ್ಲೇ ಬಯಲಾಯಿತು. ಪಿನ್ ಸೌಲಭ್ಯವನ್ನು ಆಫ್ ಮಾಡಿ.

ಉಳಿದವು ಬೇಗ ಮುಗಿಯುತ್ತವೆ. ಹೊರಗಿನಿಂದ ರೌಟರನ್ನು ನಿಯಂತ್ರಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಬೇಡ. ಫರ್ಮ್‌ವೇರ್, ಅಂದರೆ ರೌಟರಿನೊಳಗಿನ ತಂತ್ರಾಂಶ, ಹೊಸದಿದ್ದರೆ ಹಾಕಿ. ನೆಂಟರಿಗೆ ಬೇರೆಯದೇ ಆದ ಗೆಸ್ಟ್ ಜಾಲ ಕೊಡಿ. ಜಾಲದ ಹೆಸರು ಅಡಗಿಸುವುದರಿಂದ ಬಚ್ಚಿಟ್ಟ ಸಮಾಧಾನ ಬಿಟ್ಟರೆ ಏನೂ ಸಿಗುವುದಿಲ್ಲ. ಎಲ್ಲ ಸೆಟ್ಟಿಂಗ್ಸ್ ಅಳಿಸಿಹಾಕುವ ರೀಸೆಟ್ ರಂಧ್ರಕ್ಕೆ ಸೂಜಿ ಚುಚ್ಚುವ ಮೊದಲು ಇಂಟರ್ನೆಟ್ ಕಂಪನಿ ಕೊಟ್ಟ ಸಂಪರ್ಕದ ಬಳಕೆದಾರ ಹೆಸರು, ಪಾಸ್‌ವರ್ಡ್ ನಿಮ್ಮ ಬಳಿ ಇವೆಯೇ ನೋಡಿ. ನಾನು ಒಂದು ಶನಿವಾರ ಸಂಜೆ ನೋಡದೆ ಚುಚ್ಚಿ, ಸೋಮವಾರದ ತನಕ ಇಂಟರ್ನೆಟ್ ಇಲ್ಲದೆ ಕುಳಿತಿದ್ದೆ.

ಕೊನೆಗೆ ಸಂಪರ್ಕಿತ ಸಾಧನಗಳ ಪಟ್ಟಿ. ಮನೆಯಲ್ಲಿ ಮೂವರು, ಪಟ್ಟಿಯಲ್ಲಿ ಏಳು ಹೆಸರು. ಈಗಿನ ಫೋನುಗಳು ಪ್ರತಿ ಜಾಲಕ್ಕೂ ಬೇರೆ ಬೇರೆ ಸುಳ್ಳು ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ತೋರಿಸುವುದರಿಂದ ಗುರುತು ಹಿಡಿಯುವುದು ಕಷ್ಟ. ನಮ್ಮ ಫೋನಿನ ಸೆಟ್ಟಿಂಗ್ಸ್ ತೆರೆದು ಒಂದೊಂದನ್ನೇ ಹೋಲಿಸಿದೆವು. ಆರು ಗುರುತಾದವು. ಏಳನೆಯದು ಬರೀ ಅಕ್ಷರ, ಅಂಕಿಗಳ ಸರಮಾಲೆ. ಮೇಲಿನ ಮಹಡಿಯವರದ್ದೇ ಎಂದು ಮಾವ ತೀರ್ಮಾನಿಸಿ, ಹೊಸ ವೈಫೈ ಪಾಸ್‌ವರ್ಡ್ ಹಾಕಿದ ಮೇಲೆ ಅದು ಮಾಯವಾದದ್ದು ಕಂಡು ಬಹಳ ಖುಷಿಪಟ್ಟರು. ಎಂಟು ಗಂಟೆಗೆ ಅತ್ತೆ ಪಡಸಾಲೆಯಿಂದ ಕೂಗಿದರು, ಟಿವಿಯಲ್ಲಿ ಧಾರಾವಾಹಿ ಬರುತ್ತಿಲ್ಲ ಎಂದು.