ಬೋರ್ಡು ಆನ್ ಆಗದಿದ್ದರೆ ಮೊದಲು ಕೇಬಲ್ ನೋಡಿ

ಮೈಸೂರಿನ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಸಮಯ ಬಂತೆಂದರೆ ನನ್ನ ರಿಪೇರಿ ಬೆಂಚಿನ ತುಂಬ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡುಗಳು. "ಸರ್, ಬೋರ್ಡು ಡೆಡ್ಡು. ಓಎಸ್ ಮತ್ತೆ ಮತ್ತೆ ಹಾಕಿ ನೋಡಿದ್ವಿ" ಅನ್ನುತ್ತಾರೆ. ನಿಜಕ್ಕೂ ಸತ್ತವು ಕಮ್ಮಿ, ಕರೆಂಟು ಸಾಲದ ಅರೆಹೊಟ್ಟೆಯವೇ ಜಾಸ್ತಿ.

ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಪೈ 5ಕ್ಕೆ 5 ಆಂಪಿಯರ್. "ಚಾರ್ಜರ್ 65 ವ್ಯಾಟಿಂದು, ಸಾಕಲ್ವಾ?" ಎಂದು ಕೇಳುತ್ತಾರೆ. ಆ 65 ವ್ಯಾಟ್ ಸಿಗುವುದು 20 ವೋಲ್ಟಿನಲ್ಲಿ. 5 ವೋಲ್ಟಿಗೆ ಬಂದರೆ ಅಂಥ ಬಹುತೇಕ ಚಾರ್ಜರುಗಳು 3 ಆಂಪಿಯರಿಗೇ ನಿಲ್ಲುತ್ತವೆ.

ಚಾರ್ಜರ್ ಸರಿಯಿದ್ದರೂ ಕೇಬಲ್ ಕೈಕೊಡಬಹುದು. ತೆಳು ಕೇಬಲಿನಲ್ಲಿ ಹೋಗಿಬರುವ ದಾರಿ ಸೇರಿ 0.4 ಓಮ್ ರೋಧ ಇದೆ ಅಂದುಕೊಳ್ಳಿ. 1.5 ಆಂಪಿಯರ್ ಹರಿದರೆ 0.6 ವೋಲ್ಟ್ ದಾರಿಯಲ್ಲೇ ಹೋಯಿತು. 5.1 ಹೊರಟದ್ದು 4.5 ಆಗಿ ತಲುಪುತ್ತದೆ. ಸುಮಾರು 4.63ಕ್ಕಿಂತ ಇಳಿದರೆ ಪೈ ಪರದೆಯಲ್ಲಿ ಮಿಂಚಿನ ಗುರುತು ತೋರಿಸುತ್ತದೆ. ಹಾಗಾಗಿ ಚಾರ್ಜರಿನ ತುದಿಯಲ್ಲಿ ಅಳೆದು ಪ್ರಯೋಜನವಿಲ್ಲ. ಬೋರ್ಡು ಓಡುತ್ತಿರುವಾಗಲೇ 2 (5 ವೋಲ್ಟ್) ಮತ್ತು 6ನೇ (ಗ್ರೌಂಡ್) ಪಿನ್ನಿನ ನಡುವೆ ಮೀಟರ್ ಹಿಡಿಯಿರಿ. ಕೈ ಜಾರದಂತೆ ನೋಡಿಕೊಳ್ಳಿ, ಪಕ್ಕದ 1ನೇ ಪಿನ್ನು 3.3 ವೋಲ್ಟಿನದು. 1 ಮತ್ತು 2 ಒಂದಕ್ಕೊಂದು ತಗುಲಿದರೆ ಬೋರ್ಡು ಆಗ ನಿಜವಾಗಿಯೂ ಡೆಡ್ಡು!

ಕ್ಷಣಮಾತ್ರದ ಕುಸಿತ ಮೀಟರಿಗೆ ಕಾಣುವುದಿಲ್ಲ. ಬೋರ್ಡು ಹೇಗೋ ಆನ್ ಆದರೆ 'vcgencmd get_throttled' ಕಮಾಂಡ್ ಕೊಟ್ಟು ನೋಡಿ. 0x50000 ಬಂದರೆ ಆನ್ ಆದಮೇಲೆ ಒಮ್ಮೆಯಾದರೂ ವೋಲ್ಟೇಜ್ ಬಿದ್ದಿದೆ ಎಂದರ್ಥ.

ಮಂಡ್ಯದ ಕಡೆ ಕಬ್ಬಿನ ಗದ್ದೆಯ ಪಂಪ್ ಮನೆಯಲ್ಲಿ ರಿಲೇ (ಬೋರ್ಡು ಹೇಳಿದಂತೆ ಸ್ಟಾರ್ಟರ್ ಆನ್ ಮಾಡುವ ಸ್ವಿಚ್ಚು) ಮೂಲಕ ಪಂಪ್ ಓಡಿಸಲು ಹಾಕಿದ ಬೋರ್ಡಿನ ಕಥೆ ಬೇರೆ. ಬೆಂಚಿನ ಮೇಲೆ ಚೆನ್ನಾಗೇ ಓಡುತ್ತದೆ, ಅಲ್ಲಿ ಪಂಪ್ ಹಾಕಿದ ಕೂಡಲೇ ರೀಸ್ಟಾರ್ಟ್. ಸಾಫ್ಟ್‌ವೇರ್ ಕೆದಕುವ ಮೊದಲು ಮೇನ್ ಆಫ್ ಮಾಡಿ, ಸ್ಟಾರ್ಟರಿನ ಕಾಯಿಲ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ ಬರೀ ರಿಲೇಯನ್ನು ಆನ್-ಆಫ್ ಮಾಡಿ ನೋಡಿ. ಆಗಲೂ ರೀಸ್ಟಾರ್ಟ್ ಆದರೆ ರಿಲೇಗೆ ಬೇರೆ ಸಪ್ಲೈ ಕೊಡಿ. ಮತ್ತೆ ಮೇನ್ ಆಫ್ ಮಾಡಿ ಕಾಯಿಲ್ ಸೇರಿಸಿ, ಮೋಟಾರಿನ ವೈರ್ ಬಿಚ್ಚಿಟ್ಟು ಓಡಿಸಿದಾಗ ಮಾತ್ರ ರೀಸ್ಟಾರ್ಟ್ ಆದರೆ ಅದು ಕಾಯಿಲಿನ ಕಿಡಿ. ಕಾಯಿಲಿಗೆ ಅಡ್ಡಲಾಗಿ ಆರ್‌ಸಿ ಸ್ನಬ್ಬರ್ (ಕಿಡಿ ತಣಿಸುವ ರೆಸಿಸ್ಟರ್-ಕೆಪ್ಯಾಸಿಟರ್ ಜೋಡಿ) ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೋಟಾರ್ ತಿರುಗಿದಾಗಲೇ ಆಗುತ್ತಿದ್ದರೆ ಲೈನ್ ವೋಲ್ಟೇಜ್ ಕುಸಿಯುತ್ತಿದೆ, ಬೋರ್ಡಿಗೆ ಬ್ಯಾಟರಿ ಬ್ಯಾಕಪ್ ಬೇಕೇಬೇಕು. ಕರೆಂಟು ಹೋದಾಗಲೆಲ್ಲ ಓಎಸ್ ಇರುವ ಮೆಮೊರಿ ಕಾರ್ಡು ಹಾಳಾಗುವುದೂ ತಪ್ಪುತ್ತದೆ.

ಓಎಸ್ ಮತ್ತೆ ಹಾಕುವುದು ತಪ್ಪೇನಲ್ಲ, ಕಾರಣ ಇರಬೇಕು ಅಷ್ಟೇ. ಹಸಿರು ಲೈಟು 4 ಸಲ ಮಿನುಗಿ ನಿಲ್ಲುತ್ತಿದ್ದರೆ ಬೂಟ್ ಶುರುಮಾಡುವ ಸ್ಟಾರ್ಟ್ ಫೈಲ್ ಸಿಕ್ಕಿಲ್ಲ, 7 ಸಲವಾದರೆ ಓಎಸ್‌ನ ತಿರುಳಾದ ಕರ್ನಲ್ ಸಿಕ್ಕಿಲ್ಲ. ಆಗ ಕಾರ್ಡಿನ ಮೇಲೆ ಅನುಮಾನಪಡಿ.

ಇನ್ನೂ ಗೊತ್ತಾಗದಿದ್ದರೆ ಸೀರಿಯಲ್ ಕೇಬಲ್, ಅಂದರೆ ಬೋರ್ಡು ಕಳಿಸುವ ಸಂದೇಶಗಳನ್ನು ಕಂಪ್ಯೂಟರಿನ ಪರದೆಗೆ ತರುವ ಕೇಬಲ್ ಹಾಕಿ. 3.3 ವೋಲ್ಟಿನದೇ ಆಗಬೇಕು, 5 ವೋಲ್ಟಿನದು ಪಿನ್ನು ಸುಡುತ್ತದೆ. ಪೈನಲ್ಲಿ 6 ಗ್ರೌಂಡ್, 8 ಕಳಿಸುವುದು, 10 ಪಡೆಯುವುದು, ವೇಗ 115200. ಕೇಬಲಿನ ಕೆಂಪು (ಪವರ್) ವೈರನ್ನು ಎಲ್ಲಿಗೂ ಸೇರಿಸದೆ ಸುಮ್ನೆ ಬಿಡಿ. ಪರದೆಯಲ್ಲಿ ಚಿತ್ರವಿಚಿತ್ರ ಅಕ್ಷರ ಬಂದರೆ ವೇಗವೋ ಗ್ರೌಂಡೋ ತಪ್ಪಿದೆ. ಪೈ ತರಹದ್ದೇ ಇನ್ನೊಂದು ಬೋರ್ಡಾದ ಬೀಗಲ್‌ಬೋನ್ ಬ್ಲ್ಯಾಕಿನಲ್ಲಿ ಬರೀ 'ಸಿ ಸಿ ಸಿ ಸಿ' ಬರುತ್ತಿದ್ದರೆ ಗಾಬರಿ ಬೇಡ. ಪ್ರೊಸೆಸರ್ ಬದುಕಿದೆ, ಬೂಟ್ ಆಗಲು ಅದಕ್ಕೆ ಏನೂ ಸಿಕ್ಕಿಲ್ಲ. ಓಎಸ್ ಇರುವ ಕಾರ್ಡು ಹಾಕಿ, ಎಸ್2 ಬಟನ್ ಒತ್ತಿ ಹಿಡಿದು ಪವರ್ ಕೊಡಿ.